ಇಲಿಗೆ ಬಿಟ್ಟುಕೊಟ್ಟ ಜಾಗ

ಜನವರಿ ೧೨

ನನ್ನ ಮುದ್ದಿನ ಅಕ್ಕಾ,

ಮೊದಲ ಸುದ್ದಿ: ನಿನ್ನನ್ನು ಕ್ಷಮಿಸಿದ್ದೇನೆ. ಹತ್ತೇ ದಿನಕ್ಕೆ! ತಂಗಿಯ ಮದುವೆಗೆ ಬರದೆ ಇಲಿಗಳ ಜೊತೆ ಉಳಿದ ಅಕ್ಕನನ್ನು ಇಷ್ಟು ಬೇಗ ಕ್ಷಮಿಸುವ ತಂಗಿ ಬೇರೆಲ್ಲೂ ಸಿಗುವುದಿಲ್ಲ, ನೆನಪಿಟ್ಟುಕೋ. ಫೋನ್ ಮಾಡಿದರೆ ನೀನು ‘ಹ್ಞೂಂ’, ‘ಉಹೂಂ’, ‘ಇಡ್ಲಾ?’ ಎಂಬ ಮೂರೇ ಮಾತು ಆಡುತ್ತೀಯ. ಅದಕ್ಕೇ ಹಾಸ್ಟೆಲ್ ದಿನಗಳ ಹಾಗೆ ಪತ್ರ. ಅದೂ ಕನ್ನಡದಲ್ಲಿ! ಇಂಗ್ಲಿಷ್ ಮೀಡಿಯಂ ಹುಡುಗಿಗೆ ಒತ್ತಕ್ಷರ ಬರುವುದಿಲ್ಲ ಎಂದು ಇನ್ನು ಮುಂದೆ ಹಂಗಿಸುವ ಹಾಗಿಲ್ಲ.

ಈಗ ನನ್ನ ಗಂಡನ ವಿಷಯ. ಗಂಡ! ಒಮ್ಮೆ ಬರೆದು, ನೋಡಿ, ಇನ್ನೊಮ್ಮೆ ಬರೆಯಬೇಕೆನಿಸುವ ಪದ. ಗಂಡ. ನಮ್ಮ ಮನೆ ಎರಡನೇ ಮಹಡಿಯಲ್ಲಿದೆ, ಒಂದೂವರೆ ಕೋಣೆ, ಹತ್ತಲು ಇಪ್ಪತ್ತೆರಡು ಮೆಟ್ಟಿಲು. ರಿಜಿಸ್ಟ್ರಾರ್ ಕಚೇರಿಯಿಂದ ಬಂದ ದಿನ ಇವನು ನನ್ನನ್ನು ಎತ್ತಿಕೊಂಡೇ ಹತ್ತಿದ. ಹದಿನಾಲ್ಕನೇ ಮೆಟ್ಟಿಲಲ್ಲಿ ನಿಂತ. “ಸೋತ್ಯಾ?” ಅಂದೆ. “ಸೋಲೋದಾ? ನೀನು ಮದುವೆ ದಿನಾನಾದ್ರೂ ಒಂದು ತುತ್ತು ಕಡಿಮೆ ತಿನ್ಬೇಕಿತ್ತು, ಅಷ್ಟೆ” ಅಂದ. ಇಪ್ಪತ್ತೆರಡೂ ಹತ್ತಿದ, ಅಕ್ಕಾ! ಕೆಳಮನೆಯ ಅಜ್ಜಿ ಬಾಗಿಲಲ್ಲಿ ನಿಂತು ಜೋರಾಗಿ ಎಣಿಸುತ್ತಿದ್ದಳು.

ಇವನ ಕಾರ್ಖಾನೆಯಲ್ಲಿ ಒಂದು ಬಿಳಿ ಪುಡಿ ತಯಾರಾಗುತ್ತದೆ. ಗೋಡೆಯ ಬಣ್ಣಕ್ಕೂ ಅದೇ, ಮುಖಕ್ಕೆ ಹಚ್ಚುವ ಕ್ರೀಮಿಗೂ ಅದೇ. ಚೀಲ ತುಂಬುವ ಕೋಣೆಗೆ ಇವನು ಮೇಸ್ತ್ರಿ, ಕೈಕೆಳಗೆ ಹನ್ನೊಂದು ಜನ. ಪುಡಿ ಎಷ್ಟು ನುಣುಪೆಂದರೆ ಬೆರಳ ನಡುವೆ ಹಿಡಿದರೂ ಏನೋ ಹಿಡಿದಿದ್ದೇವೆ ಅನ್ನಿಸುವುದಿಲ್ಲವಂತೆ. ಸಂಜೆ ಬರುವಾಗ ಇವನ ಹುಬ್ಬೆಲ್ಲ ಬಿಳಿ. ದಿನಾ ಸಂಜೆ ನಾನೊಬ್ಬ ಮುದುಕನಿಗೆ ಬಾಗಿಲು ತೆಗೆಯುತ್ತೇನೆ, ಮುಖ ತೊಳೆದ ಮೇಲೆ ಹುಡುಗ ಸಿಗುತ್ತಾನೆ.

ನನಗೆ ಒಂದೇ ಶತ್ರು: ಮಾಸ್ಕು. ದಪ್ಪ ರಬ್ಬರಿನದು. ಅದನ್ನು ಎಂಟು ಗಂಟೆ ಕಟ್ಟಿಕೊಂಡು ಇವನ ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಕೆಂಪು ಗೆರೆ ಕೊರೆದುಬಿಟ್ಟಿದೆ. ಇಂಥ ಮುಖಕ್ಕೆ! ದಿನಾ ಎಣ್ಣೆ ತಿಕ್ಕುತ್ತೇನೆ, ಹೋಗುವುದಿಲ್ಲ.

ನಿನ್ನ ಕೆಲಸ ಏನೆಂದು ಇವನು ಕೇಳಿದ. “ಇಲಿ ಸಾಯಿಸ್ತಾಳೆ” ಅಂದೆ. “ಹಂಗಾದ್ರೆ ನಮ್ಮನೇಗೂ ಒಂದ್ಸಲ ಕರಿ” ಅಂದ. ಸರಿಯಾದ ಉತ್ತರ ಬರೆದು ಕಳಿಸು, ಗಂಡನ ಮುಂದೆ ಮರ್ಯಾದೆ ಉಳಿಸು.

ಸಾವಿರ ಮುತ್ತುಗಳೊಂದಿಗೆ,
ನಿನ್ನ ಗಲಾಟೆ

*

ಜನವರಿ ೨೧

ಗಲಾಟೆ,

ಕ್ಷಮೆ ತಲುಪಿತು. ಆದರೂ ಕಾರಣ ಒಮ್ಮೆ ಕೇಳಿಸಿಕೋ. ನಿನ್ನ ಮದುವೆಯ ದಿನ ನನ್ನ ಪ್ರಯೋಗದ ಇಪ್ಪತ್ತೆಂಟನೇ ದಿನವಾಗಿತ್ತು. ಅಂದೇ ನಲವತ್ತು ಇಲಿಗಳನ್ನೂ ಕೊಂದು ಅಂಗಾಂಶ ತೆಗೆಯಬೇಕು. ಇಪ್ಪತ್ತೊಂಬತ್ತನೇ ದಿನ ನಡೆಯುವುದಿಲ್ಲ. ಒಂದು ದಿನ ತಪ್ಪಿದರೆ ಅವು ಬದುಕಿದ್ದೂ ಸತ್ತದ್ದೂ ವ್ಯರ್ಥ. ನಿನ್ನ ಸಿಟ್ಟು ಒಂದು ದಿನ ಇಳಿಯುತ್ತದೆ ಎಂದು ಗೊತ್ತಿತ್ತು, ಇಲಿಗಳ ಬಳಿ ಆ ಅವಕಾಶವಿರಲಿಲ್ಲ.

ನಿನ್ನ ಗಂಡನಿಗೆ ಹೀಗೆ ಹೇಳು. ಕೂದಲಿನ ದಪ್ಪದಲ್ಲಿ ಸಾವಿರದ ಒಂದು ಪಾಲೂ ಇರದ ಕಣಗಳಿಗೆ ನ್ಯಾನೊ ಕಣ ಎನ್ನುತ್ತಾರೆ. ಅವನ ಕಾರ್ಖಾನೆಯ ಬಿಳಿ ಪುಡಿಯೂ ಅಂಥದ್ದೇ, ನಾವು ಇಲಿಗಳಿಗೆ ಕೊಡುವುದೂ ಅದನ್ನೇ. ಅವು ಜೀವಕೋಶದೊಳಗೆ ನುಗ್ಗಿ ಅಲ್ಲಿ ಒಂದು ಬಗೆಯ ತುಕ್ಕು ಹಿಡಿಸುತ್ತವೆ. ವಿಟಮಿನ್ ಸಿ ಮತ್ತು ಇ ಆ ತುಕ್ಕನ್ನು ತಾವು ಹಿಡಿಸಿಕೊಂಡು ಕೋಶವನ್ನು ಉಳಿಸುತ್ತವೆಯೇ ಎಂಬುದು ನಮ್ಮ ಪ್ರಶ್ನೆ. ಒಂದು ಗುಂಪಿನ ಇಲಿಗಳಿಗೆ ಬರೀ ನೀರು, ಒಂದಕ್ಕೆ ಬರೀ ವಿಟಮಿನ್, ಒಂದಕ್ಕೆ ಪುಡಿ, ಒಂದಕ್ಕೆ ವಿಟಮಿನ್ ಕೊಟ್ಟು ಒಂದು ಗಂಟೆಯ ಮೇಲೆ ಪುಡಿ. ಎಲ್ಲವೂ ತೆಳ್ಳನೆಯ ನಳಿಕೆಯಲ್ಲಿ ನೇರವಾಗಿ ಹೊಟ್ಟೆಗೆ. ಆಮೇಲೆ ಯಕೃತ್ತು, ಮೂತ್ರಪಿಂಡಗಳ ತೆಳು ಪದರ ಕತ್ತರಿಸಿ, ಗಾಜಿನ ಸ್ಲೈಡಿನ ಮೇಲೆ ಹಾಸಿ ನೋಡುತ್ತೇನೆ. ಸ್ಲೈಡಿನ ಮೇಲೆ ಸಂಖ್ಯೆ ಮಾತ್ರ ಇರುತ್ತದೆ. ಯಾವುದು ಯಾವ ಗುಂಪಿನದೆಂದು ನೋಡುವವಳಿಗೆ ತಿಳಿಯಬಾರದು.

ಹೋದ ವರ್ಷವೂ ಇದೇ ಪ್ರಯೋಗ ಮಾಡಿದ್ದೆವು. ಪುಡಿ ತಿಂದ ಇಲಿಗಳ ಯಕೃತ್ತು ಹಾಳಾಗಿತ್ತು. ವಿಟಮಿನ್ ಸಿಕ್ಕಿದ್ದವುಗಳದು ಬಹುಮಟ್ಟಿಗೆ ಉಳಿದಿತ್ತು. ಸಂಖ್ಯೆಗಳ ಗುಟ್ಟು ಬಿಚ್ಚಿದ ದಿನ ನನಗೂ ಖುಷಿಯಾಯಿತು, ನಂಬು. ಅಚ್ಚಾದ ಲೇಖನ ಲಕೋಟೆಯಲ್ಲಿದೆ. ನೀನು ಓದುವುದಿಲ್ಲ ಎಂದು ಗೊತ್ತು.

ನಿನ್ನ ಗಂಡನ ಮುಖದ ಗೆರೆಯ ತಂಟೆಗೆ ಹೋಗಬೇಡ. ಗೆರೆ ಬಿದ್ದರೆ ಮಾಸ್ಕು ಸರಿಯಾಗಿ ಕೂತಿದೆ ಎಂದರ್ಥ.

ಅಕ್ಕ

*

ಫೆಬ್ರವರಿ ೬

ಅಕ್ಕಾ ಅಕ್ಕಾ ಅಕ್ಕಾ!

ಕೂತಿದ್ದೀಯಾ? ಕೂತುಕೋ. ನೀನು ಇಲ್ಲಿ ಫೇಮಸ್!

ನಿನ್ನ ಲೇಖನವನ್ನು ನಾನು ಓದಿದೆ (ಹ್ಞೂಂ, ನಾನೇ!). ಇವನಿಗೂ ಹೇಳಿದೆ. ಇವನು ಹೋಗಿ ಕಾರ್ಖಾನೆಯಲ್ಲಿ ಊದಿದ, ಮ್ಯಾನೇಜರ್ ಕಿವಿಗೂ ಬಿತ್ತು. ಅವರು ಇವನನ್ನು ಕರೆಸಿ, “ಏನ್ರೀ ಮೇಸ್ತ್ರಿ, ನಿಮ್ಮ ಹೆಂಡ್ತಿ ಅಕ್ಕ ನಮ್ಮ ಪುಡಿಗೇ ಮದ್ದು ಕಂಡುಹಿಡಿದವ್ರಂತೆ? ಆ ಕಾಗದ ತನ್ನಿ” ಅಂದರಂತೆ. ಆದರೆ ಅದು ಇಂಗ್ಲಿಷಿನಲ್ಲಿದೆಯಲ್ಲ, ಕೆಲಸದವರು ಓದುವುದು ಹೇಗೆ? ಆಗ ಯಾರು ಮುಂದೆ ಬಂದರು ಹೇಳು? ನಿನ್ನ ತಂಗಿ!

ಎರಡು ಭಾನುವಾರ ನೆಲದ ಮೇಲೆ ಮಲಗಿ, ದೊಡ್ಡ ಚಾರ್ಟ್ ಹಾಳೆಯ ಮೇಲೆ ಐದು ಬಣ್ಣದ ಪೆನ್ನಿನಲ್ಲಿ ಬರೆದೆ. ತಲೆಬರಹ: ‘ಪುಡಿ ಇರಲಿ, ಭಯ ಬೇಡ!’ ತುಕ್ಕಿನ ಮಾತು, ನಾಲ್ಕು ಗುಂಪು, ಯಕೃತ್ತು ಉಳಿದದ್ದು, ಎಲ್ಲ ಇದೆ. ಕೊನೆಯ ಪ್ಯಾರಾಕ್ಕೆ ಜಾಗ ಸಾಲಲಿಲ್ಲ. ಅಷ್ಟರಲ್ಲಿ ಕೆಳಗೆ ಒಂದು ಇಲಿ ಬರೆದುಬಿಟ್ಟಿದ್ದೆ, ಕೈಯಲ್ಲಿ ಗುಳಿಗೆ ಹಿಡಿದು ನಗುತ್ತಿರುವ ದಪ್ಪ ಇಲಿ. ಇವನಿಗೆ ಎಷ್ಟು ಇಷ್ಟವಾಯಿತೆಂದರೆ ಅಳಿಸಲು ಮನಸ್ಸಾಗಲಿಲ್ಲ. ಆ ಪ್ಯಾರಾ ಹೇಗೂ ಬೋರಿಂಗ್ ಇತ್ತು, ಬೇಜಾರು ಮಾಡಿಕೊಳ್ಳಬೇಡ.

ಮ್ಯಾನೇಜರ್ ತಾವೇ ಮೊಳೆ ಹೊಡೆದು ಬಟ್ಟೆ ಬದಲಿಸುವ ಕೋಣೆಯಲ್ಲಿ ತೂಗುಹಾಕಿದರು! ಈಗ ಬೆಳಿಗ್ಗೆ ಗೇಟಿನಲ್ಲೇ ಎಲ್ಲರಿಗೂ ಒಂದೊಂದು ಕಿತ್ತಳೆ ಬಣ್ಣದ ಗುಳಿಗೆ. ಸೆಕೆ ಶುರುವಾಯಿತಲ್ಲ, ಮಾಸ್ಕು ಬೇಕಾದವರು ಹಾಕಿಕೊಳ್ಳಲಿ, ಬೇಡದವರು ಬಿಡಲಿ ಎಂದೂ ಹೇಳಿದ್ದಾರೆ. ಇಲಿಗಳ ತೂಕದ ಲೆಕ್ಕ ಹಿಡಿದು ಇವನಿಗೆ ಎಷ್ಟು ಗುಳಿಗೆ ಬೇಕೆಂದು ಗುಣಿಸಿದೆ, ಒಂದು ಬೊಗಸೆ ಆಯಿತು! “ನನ್ನನ್ನ ಇಲಿ ಅನ್ಕೊಂಡ್ಯಾ?” ಅಂದ. ಅಂದಿನಿಂದ ಇವನು ನನ್ನ ಇಲಿರಾಯ.

ಅಲ್ಲಿ ಒಬ್ಬರು ಹಳಬರಿದ್ದಾರೆ, ಒಂದು ಕನ್ನಡಕ ಮೂಗಿನ ಮೇಲೆ, ಒಂದು ತಲೆಯ ಮೇಲೆ, ಎಲ್ಲರಿಗೂ ಕನ್ನಡಕ ಮಾವ. ಅವರು ಚಾರ್ಟನ್ನು ಎರಡೂ ಕನ್ನಡಕದಲ್ಲಿ ಓದಿ, “ಎಲ್ಲ ಸರಿ ಮೇಸ್ತ್ರಿ, ಆದ್ರೆ ಈ ಇಲಿ ಏನನ್ನೋ ತನ್ನ ಕೆಳಗೆ ಮುಚ್ಚಿಟ್ಕೊಂಡು ಕೂತಂಗಿದೆಯಲ್ಲ” ಅಂದರಂತೆ. ಬಿದ್ದು ಬಿದ್ದು ನಕ್ಕೆವು. ಅವರು ಇನ್ನೂ ಮಾಸ್ಕು ಬಿಟ್ಟಿಲ್ಲ. ಎಲ್ಲರೂ “ಮಾವಾ, ಹೊಸ ಮದುಮಗಳ ಥರ ಮುಸುಕು ಯಾಕೆ?” ಎಂದು ರೇಗಿಸುತ್ತಾರೆ.

ಇವನ ಕೆನ್ನೆಯ ಗೆರೆ ಮಾಯ! ಎಷ್ಟು ಚೆನ್ನಾಗಿದ್ದಾನೆ ಗೊತ್ತಾ!

ಜಗತ್ತಿನ ಅತ್ಯಂತ ಸುಖಿ,
ನಿನ್ನ ಗಲಾಟೆ

*

ಫೆಬ್ರವರಿ ೧೫

ಗಲಾಟೆ,

ಈ ಪತ್ರ ಓದಿದ ಕೂಡಲೇ ಎದ್ದು ಹೋಗು. ಚಾರ್ಟ್ ಇಳಿಸು. ನಿನ್ನ ಗಂಡನಿಗೆ ಮಾಸ್ಕು ಹಾಕಿಸು, ಇವತ್ತೇ.

ನೀನು ಬಿಟ್ಟ ಪ್ಯಾರಾ ಇದು: ‘ಈ ಪ್ರಯೋಗದಲ್ಲಿ ಕಣಗಳನ್ನು ಬಾಯಿಯ ಮೂಲಕ ಮಾತ್ರ ನೀಡಲಾಗಿದೆ. ಉಸಿರಿನ ಮೂಲಕ ಒಳಹೋಗುವ ಕಣಗಳ ಪರಿಣಾಮವನ್ನು ಪರೀಕ್ಷಿಸಿಲ್ಲ. ಶ್ವಾಸಕೋಶವನ್ನು ಪರಿಶೀಲಿಸಿಲ್ಲ. ಇಪ್ಪತ್ತೆಂಟು ದಿನಗಳಾಚೆ ಏನಾಗುವುದೆಂದು ತಿಳಿಯದು. ಈ ಫಲಿತಾಂಶವನ್ನು ಮನುಷ್ಯರಿಗೆ ಅನ್ವಯಿಸಬಾರದು.’

ನನ್ನ ಇಲಿಗಳು ಪುಡಿಯನ್ನು ತಿಂದವು. ನಿನ್ನ ಗಂಡ ಅದನ್ನು ಉಸಿರಾಡುತ್ತಿದ್ದಾನೆ. ಎರಡೂ ಒಂದೇ ಅಲ್ಲ. ಗುಳಿಗೆ ತಿನ್ನಲಿ, ಅದರಿಂದ ಕೆಡುಕಿಲ್ಲ. ಆದರೆ ಅದು ಮಾಸ್ಕಿನ ಜಾಗದಲ್ಲಿ ನಿಲ್ಲಲಾರದು.

ಉತ್ತರ ಬರೆಯುವ ಮೊದಲು ಫೋನ್ ಮಾಡು. ನಾನು ಹ್ಞೂಂ ಎನ್ನುವುದಿಲ್ಲ, ಮಾತಾಡುತ್ತೇನೆ.

ಅಕ್ಕ

*

ಮಾರ್ಚ್ ೨

ಅಕ್ಕ,

ಫೋನ್ ಮಾಡಲಿಲ್ಲ. ಮಾಡಿದ್ದರೆ ಅತ್ತುಬಿಡುತ್ತಿದ್ದೆ.

ಜೀವನದಲ್ಲಿ ಮೊದಲ ಸಲ ನಾನೊಂದು ಉಪಯೋಗದ ಕೆಲಸ ಮಾಡಿದೆ. ನಿನ್ನ ಹೆಸರು ಎಲ್ಲರ ಬಾಯಲ್ಲೂ ಬರುವ ಹಾಗೆ ಮಾಡಿದೆ. ನೀನು ‘ಚೆನ್ನಾಗಿದೆ’ ಎಂಬ ಒಂದು ಮಾತೂ ಬರೆಯಲಿಲ್ಲ. ಮದುವೆಗೂ ಬರಲಿಲ್ಲ, ಈಗ ನನ್ನ ಚಾರ್ಟನ್ನೂ ಇಳಿಸು ಅನ್ನುತ್ತೀಯ. ನನ್ನ ಸಂತೋಷ ಕಂಡರೆ ನಿನಗೆ ಯಾಕೆ ಆಗುವುದಿಲ್ಲ?

ನಿನ್ನ ಪ್ಯಾರಾವನ್ನು ಮ್ಯಾನೇಜರಿಗೆ ತೋರಿಸಿದೆವು. ಅವರು ನಕ್ಕರು. “ವಿಜ್ಞಾನಿಗಳು ಕೊನೆಗೆ ಹಿಂಗೇ ಬರೀತಾರಮ್ಮ. ಔಷಧಿ ಬಾಟ್ಲಿ ಮೇಲೆ ‘ಚೆನ್ನಾಗಿ ಅಲುಗಾಡಿಸಿ’ ಅಂತ ಇರಲ್ವಾ, ಹಂಗೆ” ಅಂದರು. ಅವರಿಗೂ ಓದು ಬರುತ್ತದೆ, ಅಕ್ಕ.

ಇಲಿರಾಯ ಚೆನ್ನಾಗಿದ್ದಾನೆ. ಸ್ವಲ್ಪ ಕೆಮ್ಮು ಇದೆ. ಈ ಬೀದಿಯಲ್ಲಿ ಎಲ್ಲರಿಗೂ ಇದೆ, ಹವೆ ಹಾಗಿದೆ.

ಸ್ವಲ್ಪ ದಿನ ಪತ್ರ ಬೇಡ.

ತಂಗಿ

*

ಏಪ್ರಿಲ್ ೨೮

ಗಲಾಟೆ,

ಇದು ನಾಲ್ಕನೇ ಪತ್ರ. ಮೊದಲ ಮೂರನ್ನು ನೀನು ಒಡೆದಿರಲಾರೆ, ಅವುಗಳಲ್ಲಿ ಬರೀ ಮಾಸ್ಕಿನ ಮಾತಿತ್ತು. ಇದರಲ್ಲಿ ನನ್ನ ಮಾತು ಇದೆ.

ಆ ಪ್ಯಾರಾ ನಾನು ಬರೆದಾಗ ಲೇಖನದ ಎರಡನೆಯದಾಗಿತ್ತು. ನಮ್ಮ ಪ್ರೊಫೆಸರ್ “ಮೊದಲೇ ಇಲ್ಲ ಇಲ್ಲ ಅಂತ ಹೇಳಿದ್ರೆ ಯಾರು ಓದ್ತಾರೆ?” ಎಂದು ಅದನ್ನು ಕೊನೆಗೆ ತಳ್ಳಿದರು. ನಾನು ವಾದ ಮಾಡಲಿಲ್ಲ. ಹೆಸರು ಅಚ್ಚಾಗುವ ಆಸೆ ನನಗೂ ಇತ್ತು. ನೀನು ಅದನ್ನು ಬಿಟ್ಟದ್ದು ಜಾಗವಿಲ್ಲವೆಂದು. ನಾನೂ ಮೊದಲೊಮ್ಮೆ ಅದರ ಜಾಗ ಬಿಟ್ಟುಕೊಟ್ಟಿದ್ದೆ.

ನಿಮ್ಮ ಮ್ಯಾನೇಜರಿಗೂ ಎರಡು ಸಲ ಬರೆದೆ. ಉತ್ತರ ಬರಲಿಲ್ಲ.

ನಿನ್ನ ಗಂಡ ಮೆಟ್ಟಿಲು ಹತ್ತುವಾಗ ಎಲ್ಲಿ ನಿಲ್ಲುತ್ತಾನೆ? ಅದೊಂದನ್ನು ಬರೆ, ಸಾಕು.

ಅಕ್ಕ

*

ಜೂನ್ ೧೯

ಅಕ್ಕಾ,

ಒಂಬತ್ತನೆಯದರಲ್ಲಿ.

ಏಪ್ರಿಲಿನಲ್ಲಿ ನೀನು ಕೇಳಿದಾಗ ಹದಿನೇಳರಲ್ಲಿ ನಿಲ್ಲುತ್ತಿದ್ದ. ನಿಂತು, ಏನೋ ಜೇಬಿನಲ್ಲಿ ಹುಡುಕುವವನ ಹಾಗೆ ಮಾಡುತ್ತಿದ್ದ. ನಾನೂ ನಂಬಿದವಳ ಹಾಗೆ ಮಾಡುತ್ತಿದ್ದೆ. ಮೇ ತಿಂಗಳಲ್ಲಿ ಹನ್ನೆರಡು. ಈಗ ಒಂಬತ್ತರಲ್ಲಿ ನಿಲ್ಲುವುದಿಲ್ಲ, ಕೂರುತ್ತಾನೆ. ಕೆಳಮನೆಯ ಅಜ್ಜಿ ಮೊದಲು ಎಣಿಸುತ್ತಿದ್ದಳು. ಈಗ ಇವನ ಹೆಜ್ಜೆ ಕೇಳಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ.

ಆಸ್ಪತ್ರೆಗೆ ಹೋದೆವು. ಡಾಕ್ಟರ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಏನ್ ಕೆಲಸ ನಿಮ್ದು?” ಎಂದು ಕೇಳಿದರು. ಇವನು ಹೇಳಿದ. “ಮಾಸ್ಕ್ ಕೊಟ್ಟಿರ್ಲಿಲ್ವಾ?” ಅಂದರು. “ಕೊಟ್ಟಿದ್ರು ಸಾರ್” ಅಂದ ಇವನು. ನನ್ನ ಕಡೆ ನೋಡಲಿಲ್ಲ. ಅದೇ ನನಗೆ ಸಾಕಾಯಿತು.

ಒಂದು ವಿಷಯ ನಿನಗೆ ಹೇಳಿರಲಿಲ್ಲ. ಮ್ಯಾನೇಜರ್ ಮಾಸ್ಕು ಬಿಡಬಹುದು ಎಂದ ಮರುದಿನ ಬೆಳಿಗ್ಗೆ ಇವನು ಅದನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. “ಏನ್ಮಾಡ್ಲಿ, ತಗೊಂಡು ಹೋಗ್ಲಾ?” ಅಂದ. ತೆಗೆದುಕೊಂಡು ಹೋಗು ಎಂದು ನಾನು ಒಂದು ಮಾತು ಅಂದಿದ್ದರೆ ಹಾಕಿಕೊಳ್ಳುತ್ತಿದ್ದ. ನಾನು ಇವನ ಕೆನ್ನೆ ಸವರಿ, “ಬೇಡ, ಈ ಮುಖ ನಂದು” ಅಂದೆ. ಮನೆಯ ಬಾಗಿಲ ಹಿಂದಿನ ಮೊಳೆಗೆ ಮಾಸ್ಕು ನಾನೇ ತೂಗುಹಾಕಿದೆ. ಮೇಸ್ತ್ರಿ ಬಿಟ್ಟನೆಂದು ಉಳಿದವರೂ ಬಿಟ್ಟರು, ಕನ್ನಡಕ ಮಾವ ಒಬ್ಬರನ್ನು ಬಿಟ್ಟು. ನಿನ್ನ ಪತ್ರ ಬಂದ ಮೇಲೆಯೂ ಅದು ಮೊಳೆಯಲ್ಲೇ ಇತ್ತು. ನಿನ್ನ ಮೇಲಿನ ಸಿಟ್ಟಿಗೆ.

ಎದೆಯಿಂದ ಒಂದು ಚೂರು ತೆಗೆದಿದ್ದಾರೆ. ಇನ್ನೊಬ್ಬರ ಅಭಿಪ್ರಾಯ ಬೇಕೆಂದು ಕೇಳಿ ಒಂದು ಸ್ಲೈಡನ್ನು ಇಸಿದುಕೊಂಡೆ. ಇದರ ಜೊತೆ ಕಳಿಸುತ್ತಿದ್ದೇನೆ, ಹತ್ತಿಯಲ್ಲಿ ಸುತ್ತಿದ್ದೇನೆ. ನೋಡುವವಳಿಗೆ ಯಾರದೆಂದು ತಿಳಿಯಬಾರದು ಎಂದು ಬರೆದಿದ್ದೆಯಲ್ಲ, ಅದಕ್ಕೆ ಹೆಸರಿನ ಚೀಟಿ ಕಿತ್ತಿದ್ದೇನೆ. ಸಂಖ್ಯೆ ಮಾತ್ರ ಇದೆ. ಇಲಿಯದೆಂದೇ ನೋಡು. ನೋಡಿ ನಿಜ ಹೇಳು.

ಇವನು ಕೇಳು ಅಂದ ಪ್ರಶ್ನೆ: ಕಿತ್ತಳೆ ಗುಳಿಗೆ ಇನ್ನೂ ತಿನ್ನಬೇಕಾ?

ಗಲಾಟೆ

*

ಜುಲೈ ೧

ಗಲಾಟೆ,

ಸ್ಲೈಡು ಒಡೆಯದೆ ಬಂತು. ಎರಡು ದಿನ ಡ್ರಾಯರಿನಲ್ಲಿಟ್ಟೆ. ಮೂರನೆಯ ದಿನ ನೋಡಿದೆ.

ನಿಜ ಕೇಳಿದ್ದೀಯ. ಆರೋಗ್ಯದ ಶ್ವಾಸಕೋಶ ಕಸೂತಿ ಜಾಲರಿಯ ಹಾಗಿರುತ್ತದೆ, ತೆಳು ಗೋಡೆ, ನಡುವೆ ಖಾಲಿ ಜಾಗ. ಆ ಖಾಲಿ ಜಾಗವೇ ಉಸಿರು. ಇದರಲ್ಲಿ ಗೋಡೆಗಳು ದಪ್ಪವಾಗಿವೆ. ಖಾಲಿ ಜಾಗ ಕಡಿಮೆ. ಕೋಶಗಳ ಒಳಗೆ ಕಪ್ಪು ಚುಕ್ಕೆಗಳಿವೆ. ಅದು ಅವನ ಬಿಳಿ ಪುಡಿಯೇ. ಮಸೂರದ ಕೆಳಗೆ ಅದು ಬಿಳಿಯಾಗಿ ಕಾಣುವುದಿಲ್ಲ, ಬೆಳಕನ್ನು ತನ್ನ ಮೂಲಕ ಹೋಗಲು ಬಿಡದ್ದರಿಂದ ಕಪ್ಪಾಗಿ ಕಾಣುತ್ತದೆ.

ಅವನ ಪ್ರಶ್ನೆಗೆ ಉತ್ತರ: ತಿನ್ನಲಿ. ಆದರೆ ತುಕ್ಕು ಹಿಡಿಯುವ ಮೊದಲು ಸಿಕ್ಕಿದರೆ ವಿಟಮಿನ್ ಒಂದಿಷ್ಟು ತಡೆಯಬಹುದೇನೋ. ಇದು ತುಕ್ಕಿನ ಹಂತ ದಾಟಿದೆ. ಇದು ಗಾಯ ಮಾಯ್ದ ಕಲೆ. ಕಲೆಯನ್ನು ತೆಗೆಯುವ ಗುಳಿಗೆ ನನಗೆ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿರಲಾರದು. ಅವನು ಆ ಕೋಣೆಗೆ ಇನ್ನೊಂದು ದಿನವೂ ಹೋಗಬಾರದು.

ಇಷ್ಟು ವರ್ಷದಲ್ಲಿ ಎರಡು ಸಾವಿರ ಸ್ಲೈಡು ನೋಡಿದ್ದೇನೆ. ಯಾವುದು ಯಾರದೆಂದು ತಿಳಿಯದೆ ನೋಡುವುದೇ ನನ್ನ ಕೆಲಸದ ನಿಯಮ. ಚೀಟಿ ಕಿತ್ತರೆ ಸಾಕು ಎಂದುಕೊಂಡೆಯಲ್ಲ ನೀನು. ಆ ಅಂಟಿನ ಗುರುತಿನ ಮೇಲೆ ನಿನ್ನ ಉಗುರಿನ ಗೀರು ಇತ್ತು. ಅದರ ಬಗ್ಗೆ ಇನ್ನು ಬರೆಯಲಾರೆ.

ಇಲ್ಲಿ ಹೊಸ ಪ್ರಯೋಗ ಇದೇ ಎಂಟಕ್ಕೆ ಶುರು. ಈ ಸಲ ಇಲಿಗಳು ಪುಡಿಯನ್ನು ಉಸಿರಾಡುತ್ತವೆ, ಗಾಜಿನ ಪೆಟ್ಟಿಗೆಯಲ್ಲಿ. ಜಗಳ ಮಾಡಿ ಒಪ್ಪಿಸಿದೆ. ಇಪ್ಪತ್ತೆಂಟನೇ ದಿನ ಆಗಸ್ಟ್ ನಾಲ್ಕಕ್ಕೆ ಬೀಳುತ್ತದೆ. ಅದನ್ನು ಬೇರೆಯವರಿಗೆ ಒಪ್ಪಿಸಿ ಆ ಹೊತ್ತಿಗೆ ಅಲ್ಲಿಗೆ ಬರುತ್ತೇನೆ. ಒಮ್ಮೆ ಬರದೆ ಉಳಿದೆ, ಇನ್ನೊಮ್ಮೆ ಆಗದು.

ಅಕ್ಕ

*

ಜುಲೈ ೨೦

ಅಕ್ಕಾ,

ನಿನ್ನ ಪತ್ರವನ್ನು ಇವನಿಗೆ ನಾನೇ ಓದಿ ಹೇಳಿದೆ. ಯಾವ ಪ್ಯಾರಾವನ್ನೂ ಬಿಡಲಿಲ್ಲ. ಕೇಳಿ, “ಪುಡಿ ಒಳಗೆ ಹೋಗಿ ಬಣ್ಣ ಬದಲಾಯಿಸ್ತಾ? ಕಂಪ್ನಿಯೋರಿಗೆ ಹೇಳ್ಬೇಕು, ಕಪ್ಪು ಪೇಂಟೂ ಮಾಡ್ಬಹುದು” ಅಂದ. ನಗಲು ಹೋಗಿ ಕೆಮ್ಮು ಬಂತು, ಅರ್ಧ ಗಂಟೆ ನಿಲ್ಲಲಿಲ್ಲ.

ಸೋಮವಾರ ಕಾರ್ಖಾನೆಗೆ ಹೋದೆ. ಹೊಸ ಚಾರ್ಟ್ ಬರೆದುಕೊಂಡು ಹೋಗಿದ್ದೆ. ಒಂದೇ ಬಣ್ಣ, ಐದೇ ವಾಕ್ಯ, ನಿನ್ನ ಪ್ಯಾರಾ. ಬಟ್ಟೆ ಬದಲಿಸುವ ಕೋಣೆಯಲ್ಲಿ ಹಳೆಯದು ಹಾಗೇ ಇತ್ತು, ಇಲಿ ಹಾಗೇ ನಗುತ್ತಿತ್ತು. ಅದನ್ನು ಕೀಳುವಾಗ ಮ್ಯಾನೇಜರ್ ಓಡಿ ಬಂದರು.

“ಏನಮ್ಮಾ, ಅನುಮತಿ ತಗೊಂಡ್ರಾ?”

“ಮೊದಲ್ನೇದಕ್ಕೆ ತಗೊಂಡಿರ್ಲಿಲ್ಲ. ನೀವೇ ಮೊಳೆ ಹೊಡೆದ್ರಿ.”

“ನೋಡಮ್ಮಾ, ಬರೆದಿದ್ದು ನೀವು. ನಾವು ನಂಬಿದ್ವಿ.”

ಅವರು ಆ ಪ್ಯಾರಾ ನೋಡಿಯೂ ನಕ್ಕವರು, ಅಕ್ಕಾ, ಅದು ನಿಜ. ಆದರೆ ಅವರು ಅಂದದ್ದೂ ನಿಜ. ನಾನು ಹೊಡೆದ ಮೊಳೆ ಬಗ್ಗಿತು. ಕನ್ನಡಕ ಮಾವ ಬಂದು ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡರು. ಹೊಡೆದು ಮುಗಿಸಿ, ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದರು. ‘ಶ್ವಾಸಕೋಶವನ್ನು ಪರಿಶೀಲಿಸಿಲ್ಲ’ ಎಂಬಲ್ಲಿ ನಿಂತು, ಇನ್ನೊಮ್ಮೆ ಓದಿದರು. ಹತ್ತು ಜನ ಕೇಳುತ್ತಿದ್ದರು. ಯಾರೂ ನನ್ನನ್ನು ಬಯ್ಯಲಿಲ್ಲ. ಒಬ್ಬ ಕೆಮ್ಮಿದ, ಇನ್ನೊಬ್ಬ ಕೆಮ್ಮಿದ. ಆಮೇಲೆ ಒಬ್ಬೊಬ್ಬರಾಗಿ ಕಪಾಟಿನಿಂದ ಮಾಸ್ಕು ತೆಗೆದು, ಧೂಳು ಕೊಡವತೊಡಗಿದರು. ಮೂವರು ಈ ವಾರ ಎಕ್ಸ್‌ರೇಗೆ ಹೋಗಿದ್ದಾರೆ.

ಇವನು ಈಗ ಮೆಟ್ಟಿಲು ಇಳಿಯುವುದಿಲ್ಲ. ಆಕ್ಸಿಜನ್ ಸಿಲಿಂಡರ್ ಮನೆಗೇ ಬಂದಿದೆ. ಮೂಗು ಬಾಯಿ ಮುಚ್ಚುವ ಮಾಸ್ಕು, ದಿನದಲ್ಲಿ ಹತ್ತು ಗಂಟೆ. ನಿನ್ನೆ ಸಂಜೆ ಅದನ್ನು ತೆಗೆದಾಗ ನೋಡಿದೆ, ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಕೆಂಪು ಗೆರೆ, ಅದೇ ಜಾಗದಲ್ಲಿ. “ನೋಡು, ನಿನ್ನ ಶತ್ರು ವಾಪಸ್ ಬಂದ” ಅಂದ. ನಾನು ಎಣ್ಣೆ ತರಲಿಲ್ಲ. ಗೆರೆ ಬಿದ್ದರೆ ಮಾಸ್ಕು ಸರಿಯಾಗಿ ಕೂತಿದೆ ಎಂದರ್ಥ, ನೀನೇ ಬರೆದಿದ್ದೆ. ಬೆರಳಿಂದ ಮುಟ್ಟಿ ನೋಡಿದೆ, ಅಷ್ಟೆ.

ಆಗಸ್ಟ್ ನಾಲ್ಕಕ್ಕೆ ನೀನು ಬರಬೇಡ.

ಸಿಟ್ಟಿನಿಂದ ಹೇಳುತ್ತಿಲ್ಲ. ಬಂದರೆ ನಿನ್ನ ಭುಜದ ಮೇಲೆ ತಲೆಯಿಟ್ಟು ಅಳುತ್ತೇನೆ. ಅದು ಐದನೇ ತಾರೀಕಿಗೂ ಆಗುತ್ತದೆ. ಆ ಇಲಿಗಳಿಗೆ ಇಪ್ಪತ್ತೊಂಬತ್ತನೇ ದಿನ ಆಗುವುದಿಲ್ಲವಲ್ಲ. ನಿನ್ನ ಕಣ್ಣಿಂದಲೇ ನೋಡು, ಬೇರೆಯವರಿಗೆ ಬಿಡಬೇಡ. ಈ ಸಲ ಶ್ವಾಸಕೋಶ ನೋಡು. ಬರೆಯುವಾಗ ಪ್ರೊಫೆಸರ್ ಏನೇ ಹೇಳಲಿ, ಕೊನೆಯ ಪ್ಯಾರಾವನ್ನು ಮೊದಲು ಬರೆ.

ಬರೆದು ನನಗೆ ಕಳಿಸು. ಕನ್ನಡಕ್ಕೆ ನಾನೇ ತರುತ್ತೇನೆ. ಪೂರ್ತಿ.

ನಿನ್ನ ತಂಗಿ